ಬ್ಯಾಟಿಗೆ ತಾಗದ ಚೆಂಡು

ಮೇಷ್ಟ್ರೇ, ನಮಸ್ಕಾರ.

ಹಾಸನದಿಂದ ಸಿಯಾಟಲ್‌ಗೆ ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗ ನಿಮ್ಮನ್ನು ಬೇಸ್‌ಬಾಲ್ ನೋಡಲು ಕರೆದುಕೊಂಡು ಹೋದ ಕಥೆ ಓದಿ ಖುಷಿಯಾಯಿತು. "ಸುಮಾರು ಮೂರು ಗಂಟೆ ಕೂತಿದ್ದೆ. ಎಷ್ಟೋ ಸಲ ಚೆಂಡು ಬ್ಯಾಟಿಗೇ ತಾಗಲಿಲ್ಲ. ಆದರೂ ಜನ ಎದ್ದು ನಿಂತು ಕೂಗುತ್ತಿದ್ದರು. ಇದರಲ್ಲಿ ಅಂಥದ್ದೇನಿದೆ? ಇದು ನಮ್ಮ ಕ್ರಿಕೆಟ್‌ನ ಕೂಸೇ? ಅಮೆರಿಕದ ಆಟವನ್ನು ಜಪಾನಿನವರು ಯಾಕೆ ಇಷ್ಟು ಹಚ್ಚಿಕೊಂಡರು?" ಎಂದು ಕೇಳಿದ್ದೀರಿ. ಎರಡು ಸಾಲಿನಲ್ಲಿ ಉತ್ತರಿಸಲು ಮನಸ್ಸು ಒಪ್ಪಲಿಲ್ಲ. ನನಗೆ ತುಂಬಾ ಇಷ್ಟವಾದ ಆಟ ಇದು.

ಚೆಂಡು ಬ್ಯಾಟಿಗೆ ತಾಗಲಿಲ್ಲ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ.

2023ರ ಮಾರ್ಚ್. ಮಯಾಮಿಯಲ್ಲಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್, ಅಂದರೆ ಬೇಸ್‌ಬಾಲ್‌ನ ವಿಶ್ವಕಪ್ ಇದ್ದ ಹಾಗೆ, ಅದರ ಫೈನಲ್. ನಮಗಿಲ್ಲಿ ಬೆಳಗಿನ ಕಾಫಿ ಹೊತ್ತು. ಜಪಾನ್ 3, ಅಮೆರಿಕ 2. ಕೊನೆಯ ಇನ್ನಿಂಗ್ಸ್, ಆಗಲೇ ಇಬ್ಬರು ಔಟ್. ಚೆಂಡು ಶೋಹೇ ಒಟಾನಿ ಕೈಯಲ್ಲಿ, ಬ್ಯಾಟ್ ಮೈಕ್ ಟ್ರೌಟ್ ಕೈಯಲ್ಲಿ. ಆಗ ಇಬ್ಬರೂ ಒಂದೇ ಕ್ಲಬ್‌ನಲ್ಲಿ ಜೊತೆಗೆ ಆಡುತ್ತಿದ್ದವರು.

ಇಲ್ಲಿ ಒಂದು ನಿಯಮ ಹೇಳಿಬಿಡುತ್ತೇನೆ. ಬ್ಯಾಟರ್ ಪಕ್ಕದಲ್ಲಿ ನೆಲಕ್ಕೆ ಹಾಸಿದ ಬಿಳಿ ಹಲಗೆ ನೋಡಿದಿರಲ್ಲ, ಅದು ಹೋಮ್ ಪ್ಲೇಟ್. ಅಗಲ 17 ಇಂಚು. ಅದರ ಮೇಲೆ, ಮೊಣಕಾಲಿನಿಂದ ಎದೆಯವರೆಗೆ, ಕಣ್ಣಿಗೆ ಕಾಣದ ಒಂದು ಕಿಟಕಿ ಇದೆ ಅಂದುಕೊಳ್ಳಿ. ಚೆಂಡು ಆ ಕಿಟಕಿಯೊಳಗೆ ಹೋದರೆ ಸ್ಟ್ರೈಕ್. ಕಿಟಕಿಯ ಹೊರಗೆ ಹೋಗಿ, ಬ್ಯಾಟರ್ ಬೀಸದೆ ಬಿಟ್ಟರೆ ಅದು 'ಬಾಲ್'. ಬೀಸಿ ತಪ್ಪಿದರೆ ಎಲ್ಲಿ ಹೋದರೂ ಸ್ಟ್ರೈಕೇ. ಮೂರು ಸ್ಟ್ರೈಕ್ ಆದರೆ ಔಟ್. ನಾಲ್ಕು ಬಾಲ್ ಆದರೆ ಮೊದಲ ಬೇಸ್‌ಗೆ, ಅಂದರೆ ಓಡಿ ಮುಟ್ಟಬೇಕಾದ ಮೊದಲ ನಿಲ್ದಾಣಕ್ಕೆ, ಪುಕ್ಕಟೆ ನಡಿಗೆ.

ಒಟಾನಿ ಮೊದಲ ಎಸೆತ ಕೆಳಗೆ ಹೋಯಿತು, ಟ್ರೌಟ್ ಬಿಟ್ಟರು. ಎರಡನೆಯದು ಗಂಟೆಗೆ ಸುಮಾರು 160 ಕಿಲೋಮೀಟರ್ ವೇಗದಲ್ಲಿ ಬಂತು, ಬೀಸಿ ತಪ್ಪಿದರು. ಮೂರನೆಯದನ್ನು ಬಿಟ್ಟರು. ನಾಲ್ಕನೆಯದಕ್ಕೆ ಮತ್ತೆ ಬೀಸಿ ತಪ್ಪಿದರು. ಐದನೆಯದು ಪಕ್ಕಕ್ಕೆ ಹೋಯಿತು. ಈಗ ಮೂರು ಬಾಲ್, ಎರಡು ಸ್ಟ್ರೈಕ್. ಇನ್ನೊಂದು ಜೋರಾದ ಚೆಂಡಿಗೆ ಟ್ರೌಟ್ ಕಾದು ನಿಂತಿರಬೇಕು. ಒಟಾನಿ ಹಾಕಿದ್ದು ಸ್ಲೈಡರ್. ವೇಗ 140ರ ಹತ್ತಿರ, ಆದರೆ ಪ್ಲೇಟ್ ಹತ್ತಿರ ಬಂದು ಅಡ್ಡಕ್ಕೆ ಜಾರಿಹೋಯಿತು. ಬ್ಯಾಟ್ ಗಾಳಿಯಲ್ಲಿ ತಿರುಗಿತು. ಜಪಾನ್ ಗೆದ್ದಿತು.

ಆರು ಎಸೆತ, ಒಂದೂ ಬ್ಯಾಟಿಗೆ ತಾಗಲಿಲ್ಲ. ಆದರೂ ನಾನು ಕೈಯಲ್ಲಿದ್ದ ಕಾಫಿ ಮರೆತು ಕೂತಿದ್ದೆ. ಆಟ ನಡೆಯುವುದೇ ಅಲ್ಲಿ ಮೇಷ್ಟ್ರೇ, ಆ ಎರಡು ತಲೆಗಳ ನಡುವೆ. ಚೆಂಡೆಸೆಯುವ ಪಿಚರ್‌ನಿಂದ ಪ್ಲೇಟಿಗೆ 60 ಅಡಿ 6 ಇಂಚು. ಚೆಂಡು ಬರಲು ಅರ್ಧ ಸೆಕೆಂಡೂ ಬೇಡ. ದುಂಡನೆಯ ಬ್ಯಾಟಿನಲ್ಲಿ ದುಂಡನೆಯ ಚೆಂಡಿಗೆ ಹೊಡೆಯಬೇಕು. ಹತ್ತಕ್ಕೆ ಮೂರು ಹಿಟ್ ಸಿಕ್ಕರೆ ಅವನು ದೊಡ್ಡ ಬ್ಯಾಟರ್. ಇಡೀ ಸೀಸನ್ ಆಡಿ ಹತ್ತಕ್ಕೆ ನಾಲ್ಕು ದಾಟಿದವರಲ್ಲಿ ಅಮೆರಿಕನ್, ನ್ಯಾಷನಲ್ ಎಂಬ ಎರಡು ದೊಡ್ಡ ಲೀಗ್‌ಗಳ ಕೊನೆಯವರು ಟೆಡ್ ವಿಲಿಯಮ್ಸ್, 1941ರಲ್ಲಿ.

ಉಳಿದ ನಿಯಮ ಸುಲಭ. ತಂಡಕ್ಕೆ ಒಂಬತ್ತು ಜನ, ಒಂಬತ್ತು ಇನ್ನಿಂಗ್ಸ್, ಪ್ರತಿ ಸರದಿಗೆ ಮೂರು ಔಟ್. ಚೆಂಡು ಎರಡು ಗೆರೆಗಳ ನಡುವೆ, ಮುಂದಕ್ಕೇ ಹೋಗಬೇಕು. ನಮ್ಮ ಜಿ. ಆರ್. ವಿಶ್ವನಾಥ್ ಅವರ ಲೇಟ್ ಕಟ್ ಅಲ್ಲಿ ಬರೀ ಫೌಲ್. ಸರಿಯಾಗಿ ತಾಗಿತೋ, ಬ್ಯಾಟ್ ಬಿಸಾಕಿ ಓಡಲೇಬೇಕು. ಹೊಡೆದು ನಿಲ್ಲುವ ಸೌಕರ್ಯ ಇಲ್ಲ. 90 ಅಡಿ ದೂರದ ಬೇಸ್ ಮುಟ್ಟುವ ಮೊದಲೇ ಚೆಂಡು ಅಲ್ಲಿಗೆ ತಲುಪಿದರೆ ಔಟ್. ಬೇಸ್ ಬಿಟ್ಟು ಓಡುವವನನ್ನು ಚೆಂಡು ಹಿಡಿದ ಕೈಯಿಂದ ಮುಟ್ಟಿದರೂ ಔಟ್, ನಮ್ಮ ಮುಟ್ಟಾಟದ ಹಾಗೇ. ಮೂರು ಬೇಸ್ ದಾಟಿ ಹೋಮ್‌ಗೆ ವಾಪಸ್ ಬಂದರೆ ಒಂದು ರನ್.

ಕ್ರಿಕೆಟ್‌ನ ಕೂಸಾ ಅಂದರೆ, ಅಲ್ಲ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಅನ್ನಬಹುದು. 1744ರಲ್ಲಿ ಲಂಡನ್‌ನಲ್ಲಿ ಅಚ್ಚಾದ ಮಕ್ಕಳ ಪುಸ್ತಕದಲ್ಲೇ ಬೇಸ್‌ಬಾಲ್ ಹೆಸರಿದೆ. 1839ರಲ್ಲಿ ಅಮೆರಿಕದ ಕೂಪರ್ಸ್‌ಟೌನ್ ಊರಿನಲ್ಲಿ ಅಬ್ನರ್ ಡಬಲ್‌ಡೇ ಈ ಆಟ ಕಂಡುಹಿಡಿದರು ಅನ್ನುವುದು ಕಟ್ಟುಕಥೆ. ಆ ವರ್ಷ ಅವರು ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ಓದುತ್ತಿದ್ದರು. 1845ರಲ್ಲಿ ನ್ಯೂಯಾರ್ಕ್‌ನ ನಿಕರ್‌ಬಾಕರ್ ಕ್ಲಬ್ ನಿಯಮ ಬರೆದಿಟ್ಟಿತು. ಅದಕ್ಕೆ ಮುಂಚೆ ಓಡುವವನ ಮೈಗೇ ಚೆಂಡು ಬೀಸಿ ಔಟ್ ಮಾಡುತ್ತಿದ್ದರು. ಲಗೋರಿ ಆಡಿದ ನಿಮಗೆ ಆ ಪೆಟ್ಟು ಗೊತ್ತು, ಅಲ್ವಾ? ಕ್ಲಬ್ ಅದನ್ನು ನಿಲ್ಲಿಸಿತು. ಮೈಗೆ ಬೀಸುವುದು ಇಲ್ಲದಾದ ಮೇಲೆ ಚೆಂಡು ಗಟ್ಟಿಯಾಗಬಹುದಿತ್ತು. ಗಟ್ಟಿ ಚೆಂಡು ದೂರ ಹೋಗುತ್ತದೆ. ಈ ಒಂದು ಬದಲಾವಣೆಯೇ ಆಟವನ್ನು ಬೆಳೆಸಿತು ಎಂದು ನನ್ನ ಎಣಿಕೆ.

ನೋವಿನ ಕಥೆಯೂ ಇದೆ. ದಶಕಗಳ ಕಾಲ ಕಪ್ಪು ಆಟಗಾರರನ್ನು ದೊಡ್ಡ ಲೀಗ್‌ಗೆ ಸೇರಿಸಲಿಲ್ಲ. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡದ ಅಂಗಿ ತೊಟ್ಟು ಆ ಬಾಗಿಲು ತೆರೆದರು. ಈಗ ಪ್ರತಿ ವರ್ಷ ಆ ದಿನ ಎಲ್ಲಾ ಆಟಗಾರರೂ ಅವರ 42ನೇ ನಂಬರಿನ ಅಂಗಿ ಹಾಕುತ್ತಾರೆ.

ಇನ್ನು ಹೊರದೇಶದ ವಿಷಯ. ಕ್ರಿಕೆಟ್ ನಮ್ಮಲ್ಲಿಗೆ ಆಳುವವರ ಜೊತೆ ಬಂತು. ಕ್ಯೂಬಾದಲ್ಲಿ ನಡೆದದ್ದು ಅದರ ತಿರುಗುಮುರುಗು. ಆಳುತ್ತಿದ್ದವರು ಸ್ಪೇನಿನವರು, ಅವರ ಆಟ ಗೂಳಿಕಾಳಗ. ಅಮೆರಿಕದಲ್ಲಿ ಓದಿ 1860ರ ದಶಕದಲ್ಲಿ ಊರಿಗೆ ಮರಳಿದ ಹುಡುಗರು ಬ್ಯಾಟು ಚೆಂಡು ತಂದರು. ನಮಗೆ ನಿಮ್ಮ ಗೂಳಿ ಬೇಡ ಎಂದು ಹೇಳುವ ದಾರಿಯಾಯಿತು ಈ ಆಟ. ಸ್ಪೇನ್ 1869ರಲ್ಲಿ ಅದನ್ನು ನಿಷೇಧಿಸಿತು. ಸ್ಪೇನ್ ವಿರುದ್ಧದ ಸ್ವಾತಂತ್ರ್ಯ ಯುದ್ಧಕ್ಕೆ ಹೆದರಿ ಊರುಬಿಟ್ಟ ಕ್ಯೂಬಾದವರು ಅದನ್ನು ಡೊಮಿನಿಕನ್ ರಿಪಬ್ಲಿಕ್‌ಗೂ ಒಯ್ದರು.

ಜಪಾನಿಗೆ ತಂದವರು ನಿಮ್ಮ ಹಾಗೆ ಒಬ್ಬ ಮೇಷ್ಟ್ರು! ಹೊರೇಸ್ ವಿಲ್ಸನ್ ಎಂಬ ಅಮೆರಿಕದ ಶಿಕ್ಷಕ 1872ರಲ್ಲಿ ಟೋಕಿಯೋದ ವಿದ್ಯಾರ್ಥಿಗಳಿಗೆ ಕಲಿಸಿದರು. 1896ರಲ್ಲಿ ಟೋಕಿಯೋದ ಹುಡುಗರು ಯೊಕೊಹಾಮಾದಲ್ಲಿದ್ದ ಅಮೆರಿಕನ್ನರ ತಂಡವನ್ನು 29-4ರಿಂದ ಸೋಲಿಸಿದರು. ಅದಾದ ಮೇಲೆ ಅದು ಅವರದೇ ಆಟ. ಹೆಸರೂ ಅವರದೇ, ಯಾಕ್ಯೂ.

ಅಲ್ಲಿ ಪ್ರತಿ ಬೇಸಿಗೆ ಹೈಸ್ಕೂಲು ತಂಡಗಳ ಪಂದ್ಯಾವಳಿ ನಡೆಯುತ್ತದೆ. 1915ರಲ್ಲಿ ಶುರುವಾದದ್ದು, 1924ರಿಂದ ಕೋಶಿಯೆನ್ ಮೈದಾನದಲ್ಲಿ. ಸೋತ ಹುಡುಗರು ಮೊಣಕಾಲೂರಿ ಕೂತು, ಅಳುತ್ತಾ, ಮೈದಾನದ ಕಪ್ಪು ಮಣ್ಣನ್ನು ಬಾಚಿ ಚೀಲಕ್ಕೆ ತುಂಬಿಕೊಳ್ಳುತ್ತಾರೆ. 1958ರಲ್ಲಿ ಓಕಿನಾವಾ ದ್ವೀಪದ ಶುರಿ ಶಾಲೆಯ ಹುಡುಗರೂ ಸೋತು ಮಣ್ಣು ತುಂಬಿಕೊಂಡು ಹೊರಟರು. ಓಕಿನಾವಾ ಆಗ ಅಮೆರಿಕದ ಆಡಳಿತದಲ್ಲಿತ್ತು. ಹೊರಗಿನ ಮಣ್ಣು ಒಳಗೆ ಬರಕೂಡದು ಎಂಬ ಕಾಯಿದೆ ಇತ್ತು. ಬಂದರಿನಲ್ಲೇ ಹುಡುಗರ ಮಣ್ಣನ್ನೆಲ್ಲ ಚೆಲ್ಲಿಸಿಬಿಟ್ಟರು.

ಸುದ್ದಿ ತಿಳಿದ ಜಪಾನ್ ಏರ್‌ಲೈನ್ಸ್‌ನ ಗಗನಸಖಿಯರು ಕೋಶಿಯೆನ್ ಮೈದಾನದ ಸಣ್ಣ ಕಲ್ಲುಗಳನ್ನು ಆರಿಸಿ ಆ ಶಾಲೆಗೆ ಕಳಿಸಿದರು. ಮಣ್ಣಿಗೆ ತಡೆಯಿತ್ತು, ಕಲ್ಲಿಗೆ ಇರಲಿಲ್ಲ.

- ಸಂಪಾದಕ