ಓದುಗರ ಪ್ರಶ್ನೆ: ಔಟ್‌ಬೋರ್ಡ್ ಎಂಜಿನ್‌ನಲ್ಲಿ ಉಪ್ಪು ಕಟ್ಟುವುದೇಕೆ?

ಪ್ರಶ್ನೆ: ನಮ್ಮದು 40 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವಂಥದ್ದು. ಸಮುದ್ರದಿಂದ ಬಂದಾಗಲೆಲ್ಲ ಸಿಹಿನೀರು ಕೊಟ್ಟು ಎರಡು ನಿಮಿಷ ಓಡಿಸುತ್ತೇವೆ. ಆದರೂ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ತಂಪಿನ ನೀರಿನ ದಾರಿ ತೆರೆದು ಮುಚ್ಚುವ ಕವಾಟ) ಬಿಚ್ಚಿದಾಗ ಬಿಳಿ ಉಪ್ಪು ಮೆತ್ತಿಕೊಂಡಿತ್ತು. ಏನು ತಪ್ಪಾಗಿದೆ?

ಉತ್ತರ: ಎರಡು ನಿಮಿಷ ಸಾಲದು. ಎಂಜಿನ್ ತಣ್ಣಗಿರುವಷ್ಟು ಹೊತ್ತು ಥರ್ಮೋಸ್ಟಾಟ್ ಮುಚ್ಚಿರುತ್ತದೆ. ಬಹಳಷ್ಟು ಮಾದರಿಗಳಲ್ಲಿ ಅದು ತೆರೆಯುವುದು 50–60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಅಲ್ಲಿಯವರೆಗೆ ಸಿಲಿಂಡರಿನ ಸುತ್ತಲಿನ ಸಂದುಗಳಲ್ಲಿ ನೀರು ಸರಿಯಾಗಿ ಹರಿಯುವುದೇ ಇಲ್ಲ. ಪಕ್ಕದ ತೂತಿನಿಂದ ನೀರು ಚಿಮ್ಮಿದರೆ ಪಂಪ್ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ, ಒಳಗೆಲ್ಲ ತೊಳೆದಿದೆ ಎಂದಲ್ಲ. ಈ ಎಂಜಿನ್ ತಂಪಾಗುವುದು ಸಮುದ್ರದ ನೀರಿನಿಂದಲೇ, ಅದರ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಬಿಸಿ ಎಂಜಿನ್ ನಿಲ್ಲಿಸಿದ ಮೇಲೆ ಒಳಗುಳಿದ ನೀರು ಆರಿ, ಉಪ್ಪು ಅಲ್ಲೇ ಕೂರುತ್ತದೆ.

ಗೇರ್‌ಕೇಸಿನ (ಪ್ರೊಪೆಲ್ಲರ್ ಇರುವ ಕೆಳಭಾಗದ) ಎರಡೂ ಬದಿಯ ನೀರಿನ ಕಿಂಡಿಗಳಿಗೆ ರಬ್ಬರ್ ಮಫ್ (ಹೋಸ್ ಜೋಡಿಸುವ ಬಟ್ಟಲು) ಬಿಗಿಯಾಗಿ ಕೂರಿಸಿ. ಪ್ರೊಪೆಲ್ಲರ್ ಕಳಚಿಡುವುದು ಒಳ್ಳೆಯದು. ಇಲ್ಲವಾದರೆ ಅದರ ಹತ್ತಿರ ಯಾರೂ ನಿಲ್ಲಬಾರದು. ಮೊದಲು ನಲ್ಲಿ ಪೂರ್ತಿ ತೆರೆಯಿರಿ, ಆಮೇಲೆ ನ್ಯೂಟ್ರಲ್‌ನಲ್ಲಿ ಎಂಜಿನ್ ಹಚ್ಚಿ, ಐಡಲ್‌ನಲ್ಲೇ (ಅತಿ ಕಡಿಮೆ ವೇಗದಲ್ಲೇ) ಇರಲಿ. ವೇಗ ಹೆಚ್ಚಿಸಿದರೆ ಪಂಪ್ ಎಳೆಯುವಷ್ಟು ನೀರು ಹೋಸ್‌ನಿಂದ ಬರುವುದಿಲ್ಲ. 10ರಿಂದ 15 ನಿಮಿಷ ಓಡಲಿ. ಚಿಮ್ಮುವ ನೀರು ಬೆಚ್ಚಗಾದ ಮೇಲೂ ಕೆಲವು ನಿಮಿಷ ಬಿಡಿ. ನಿಲ್ಲಿಸುವಾಗ ಮೊದಲು ಎಂಜಿನ್, ನಂತರ ನಲ್ಲಿ. ಈ ಕ್ರಮ ತಪ್ಪಿದರೆ ಪಂಪಿನೊಳಗಿನ ರಬ್ಬರಿನ ಚಕ್ರ (ಇಂಪೆಲ್ಲರ್) ನೀರಿಲ್ಲದೆ ತಿರುಗಿ ಕೆಲವೇ ಕ್ಷಣಗಳಲ್ಲಿ ಸುಟ್ಟು ಹರಿಯಬಹುದು. ಕೊನೆಗೆ ಎಂಜಿನ್ ನೆಟ್ಟಗೆ ನಿಲ್ಲಿಸಿ, ನೀರು ಪೂರ್ತಿ ಬಸಿಯಲಿ.

ದಯವಿಟ್ಟು ನಾಳೆಗೆ ಮುಂದೂಡಬೇಡಿ. ಹಸಿ ಉಪ್ಪುನೀರನ್ನು ತೊಳೆದಷ್ಟು ಸುಲಭವಾಗಿ ಒಣಗಿ ಗಟ್ಟಿಯಾದ ಪದರವನ್ನು ತೊಳೆಯಲಾಗದು.

ಪ್ರಶ್ನೆ: ಎಂಜಿನ್ನಿನಲ್ಲೇ ಹೋಸ್ ಸಿಕ್ಕಿಸುವ ಬಾಯಿ ಇದೆ. ಅದಕ್ಕೆ ಪೈಪ್ ಜೋಡಿಸಿ ಎಂಜಿನ್ ಓಡಿಸಬಹುದೇ?

ಉತ್ತರ: ಬಹುತೇಕ ಎಂಜಿನ್‌ಗಳಲ್ಲಿ ಕೂಡದು. ಅಲ್ಲಿ ಕೊಟ್ಟ ನೀರು ಮೇಲಿನಿಂದ ಎಂಜಿನ್ ಒಳಕ್ಕೆ ಹೋಗುತ್ತದೆ, ಕೆಳಗಿರುವ ಪಂಪಿಗೆ ಸಾಕಷ್ಟು ಸಿಗುವುದಿಲ್ಲ. ಆದ್ದರಿಂದ ಎಂಜಿನ್ ನಿಲ್ಲಿಸಿಯೇ 15 ನಿಮಿಷ ನೀರು ಬಿಡಿ. ಕೆಲವು ಮಾದರಿಗಳಿಗೆ ಐಡಲ್‌ನಲ್ಲಿ ಓಡಿಸಲು ಅನುಮತಿಯಿದೆ. ಕೈಪಿಡಿಯಲ್ಲಿ ಹಾಗೆಂದು ಬರೆದಿದ್ದರೆ ಮಾತ್ರ ಓಡಿಸಿ. ಮುಗಿದ ಮೇಲೆ ಆ ಬಾಯಿಯ ಮುಚ್ಚಳ ಬಿಗಿಯಾಗಿ ಹಾಕುವುದು ಮರೆಯಬೇಡಿ, ಇಲ್ಲದಿದ್ದರೆ ತಂಪಿನ ನೀರು ಅಲ್ಲಿಂದಲೇ ಸೋರಿ ಎಂಜಿನ್ ವಿಪರೀತ ಬಿಸಿಯಾಗುತ್ತದೆ.

ಪ್ರಶ್ನೆ: ಈಗಾಗಲೇ ಕಟ್ಟಿಕೊಂಡಿರುವುದು ಬರಿ ನೀರಿಗೆ ಕರಗೀತೇ?

ಉತ್ತರ: ಅಡುಗೆ ಉಪ್ಪಿನಂಥದ್ದು ಕರಗುತ್ತದೆ. ಬಿಸಿ ಲೋಹದ ಮೇಲೆ ಕೂತ ಸುಣ್ಣದ ಪದರ ಕರಗದು, ಅದಕ್ಕೆ ಆಮ್ಲ ಬೇಕು. ಔಟ್‌ಬೋರ್ಡ್‌ಗೆಂದೇ ತಯಾರಾದ, ಅಲ್ಯೂಮಿನಿಯಂ ತಿನ್ನದ ದ್ರಾವಣವನ್ನೇ ಆರಿಸಿ. ಕಕ್ಕಸು ತೊಳೆಯುವ ಆ್ಯಸಿಡ್ ಅನ್ನು ಖಂಡಿತ ಮುಟ್ಟಬೇಡಿ. ಅದು ಸುಣ್ಣದ ಜೊತೆ ಎಂಜಿನ್ನನ್ನೂ ತಿನ್ನುತ್ತದೆ. ಥರ್ಮೋಸ್ಟಾಟ್ ಬಿಚ್ಚಿದ್ದೀರಲ್ಲ, ಹೊಸ ಗ್ಯಾಸ್ಕೆಟ್ ಹಾಕಿಯೇ ಮುಚ್ಚಿ. ಒಳಗಿನ ಸತುವಿನ ಆ್ಯನೋಡ್ (ಎಂಜಿನ್ನಿನ ಲೋಹದ ಬದಲು ತಾನು ಸವೆಯುವ ತುಂಡು) ಅರ್ಧದಷ್ಟು ಸವೆದಿದ್ದರೆ ಅದನ್ನೂ ಬದಲಿಸಿ.