ನಿದ್ರೆಮಾತ್ರೆಯೇ ಚಿಕಿತ್ಸೆಯಾದೀತೇ?

ಪ್ರಶ್ನೆ: ನಿದ್ರೆಯಲ್ಲಿ ಉಸಿರುಕಟ್ಟುವ ಸ್ಲೀಪ್ ಅಪ್ನಿಯಾ ಇರುವವರಿಗೆ ನಿದ್ರೆಮಾತ್ರೆ ಅಪಾಯಕರ ಎನ್ನುತ್ತಾರೆ. ಹಾಗಿದ್ದರೂ ಅದನ್ನೇ ಚಿಕಿತ್ಸೆಯಾಗಿ ಪರೀಕ್ಷಿಸುವುದೇಕೆ?

ಉತ್ತರ: ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗ ಮುಚ್ಚಿಕೊಂಡಾಗ, ಕೆಲವು ರೋಗಿಗಳಲ್ಲಿ ಆ ಸ್ನಾಯುಗಳು ಬಿಗಿಗೊಂಡು ದಾರಿ ತೆರೆಯುವ ಮೊದಲೇ ಎಚ್ಚರವಾಗಿಬಿಡುತ್ತದೆ, ಹೀಗೆ ಬೇಗ ಎಚ್ಚರಗೊಳ್ಳುವುದನ್ನು ತುಸು ತಡೆದರೆ ಉಸಿರಾಟ ತಾನಾಗಿಯೇ ಸ್ಥಿರವಾದೀತು ಎಂಬ ತರ್ಕದಿಂದ ಎಸ್‌ಜೋಪಿಕ್ಲೋನ್, ಟ್ರಾಜೊಡೋನ್ ಮುಂತಾದ ಔಷಧಗಳನ್ನು ಪರೀಕ್ಷಿಸಲಾಗಿದೆ. ಸುಲಭವಾಗಿ ಎಚ್ಚರಗೊಳ್ಳುವ ಕೆಲವರಲ್ಲಿ ಉಸಿರುಕಟ್ಟುವ ಪ್ರಸಂಗಗಳು ಕಡಿಮೆಯಾದುವಾದರೂ ಫಲಿತಾಂಶ ಎಲ್ಲೆಡೆ ಒಂದೇ ತೆರನಾಗಿಲ್ಲ. ರಕ್ತದ ಆಮ್ಲಜನಕ ಬಹಳವಾಗಿ ಕುಸಿಯುವವರಲ್ಲಿ, ತಡವಾಗುವ ಎಚ್ಚರವೇ (ನಿಮ್ಮ ಆತಂಕ ಇಲ್ಲಿ ಸರಿಯಾದುದೇ) ಅಪಾಯವಾದೀತು. ಆದ್ದರಿಂದ ಮುಖವಾಡದ ಮೂಲಕ ಗಾಳಿಯ ಒತ್ತಡ ನೀಡಿ ಶ್ವಾಸಮಾರ್ಗವನ್ನು ತೆರೆದಿಡುವ ಸಿಪ್ಯಾಪ್ ಯಂತ್ರವನ್ನು ಬಿಟ್ಟು, ವೈದ್ಯರ ಸಲಹೆಯಿಲ್ಲದೆ ಮಾತ್ರೆಗೆ ಮೊರೆಹೋಗಬೇಡಿ.