ಕತ್ತಿ ಎಲ್ಲಿಗೆ ಬೀಳಬೇಕು?
ಓದುಗರ ಪ್ರಶ್ನೆಗಳು: ತೋಟ, ಬೆಟ್ಟ, ಬೇಲಿ

ಪ್ರಶ್ನೆ: ಒಂದು ಎಕರೆ ಅಡಿಕೆ ತೋಟ, ಅದಕ್ಕೆ ಹೊಂದಿದ ಸುಮಾರು 3 ಎಕರೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ನಮ್ಮದು. ಮತ್ತಿ, ಹೊನ್ನೆ, ನಂದಿ ಮರಗಳು ತುದಿಯಿಂದ ಒಣಗುತ್ತ ಬರುತ್ತಿವೆ. ಕೆಲವು ಬುಡದಲ್ಲೇ ಪೊಳ್ಳಾಗಿವೆ. ಇದು ಯಾವ ರೋಗ? ಏನು ಹೊಡೆಯಬೇಕು?
— ಅಡಿಕೆ ಬೆಳೆಗಾರರು, ಶಿರಸಿ ತಾಲೂಕು

ಉತ್ತರ: ಪ್ರತಿ ವರ್ಷ ಸೊಪ್ಪು ಸವರುವ ಬೆಟ್ಟದಲ್ಲಿ ಹೀಗಾದರೆ ಔಷಧ ಹುಡುಕುವ ಮೊದಲು ಕತ್ತಿಯನ್ನು ಅನುಮಾನಿಸಿ. ತುದಿಯವರೆಗೆ ಬೋಳಿಸಿದ ಮರ ಬೇರಿನಲ್ಲಿ ಕೂಡಿಟ್ಟ ಆಹಾರ ತೆಗೆದು ಚಿಗುರುತ್ತದೆ. ಆ ಸಾಲ ತೀರುವ ಮೊದಲೇ ಮತ್ತೆ ಬೋಳಿಸಿದರೆ ಎರಡು ಮೂರು ಸಲ ತಾಳೀತು, ಆಮೇಲೆ ತುದಿಯನ್ನು ಕೈಬಿಡುತ್ತದೆ.

ಲೆಕ್ಕ ಹಾಕಿ ನೋಡಿ. 9 ಅಡಿ ಅಂತರದಲ್ಲಿ ಎಕರೆಗೆ ಹತ್ತಿರ ಹತ್ತಿರ 550 ಅಡಿಕೆ ಮರ. ಮರವೊಂದಕ್ಕೆ ವರ್ಷಕ್ಕೆ 12 ಕೆ.ಜಿ. ಹಸಿಸೊಪ್ಪು ಎಂಬ ಶಿಫಾರಸು ಹಿಡಿದರೆ 6,600 ಕೆ.ಜಿ. ಬೇಕು. ತೋಟದ ಎಕರೆಗೆ 9 ಎಕರೆವರೆಗೆ ಬೆಟ್ಟ ಎಂಬ ಹಳೆಯ ಕ್ರಮದಂತೆ ಪೂರ್ತಿ ಇದ್ದವರಿಗೆ ಬೆಟ್ಟದ ಎಕರೆಯಿಂದ 730 ಕೆ.ಜಿ. ತಂದರೆ ಸಾಕು. ನಿಮ್ಮ 3 ಎಕರೆಯಿಂದ ಅಷ್ಟನ್ನೇ ತರಬೇಕೆಂದರೆ ಎಕರೆಗೆ 2,200 ಕೆ.ಜಿ. ಮರ ಸೋಲುವುದು ಇಲ್ಲಿ. ಕೊರತೆಯನ್ನು ತೋಟದಲ್ಲೇ ತುಂಬಿಕೊಳ್ಳಿ: ಬಿದ್ದ ಸೋಗೆ, ಹಾಳೆ, ಅಡಿಕೆ ಸಿಪ್ಪೆ ಯಾವುದನ್ನೂ ಸುಡಬೇಡಿ, ಮಾರಬೇಡಿ. ತುಂಡು ಮಾಡಿ ಬುಡಕ್ಕೆ ಹಾಕಿ, ಇಲ್ಲವೇ ಸಗಣಿ ನೀರು ಹೊಡೆದು ಗೊಬ್ಬರಗುಂಡಿಗೆ ತುಂಬಿ.

ಇನ್ನು ಕಡಿಯುವ ಕ್ರಮ. ಬೆಟ್ಟವನ್ನು ಮೂರು ಪಾಲು ಮಾಡಿ ವರ್ಷಕ್ಕೆ ಒಂದೇ ಪಾಲು ಸವರಿ. ಉಳಿದೆರಡಕ್ಕೆ ಆ ವರ್ಷ ಕತ್ತಿ ತಾಗಬಾರದು. ಮರ ಹತ್ತಿದಾಗ ಮೇಲಿನ ಮೂರನೇ ಒಂದು ಭಾಗ ಹಾಗೇ ಇರಲಿ, ನೆಟ್ಟಗೆ ಹೋಗುವ ತುದಿಯನ್ನಂತೂ ಮುಟ್ಟಲೇಬೇಡಿ. ಅಡ್ಡಕೊಂಬೆಯನ್ನು ಕಾಂಡಕ್ಕೆ ಹತ್ತಿ ಕಡಿಯದೆ ಒಂದು ಗೇಣು ಮೋಟು ಬಿಡಿ. ಮುಂದಿನ ಸೊಪ್ಪು ಚಿಗುರುವುದು ಆ ಮೋಟಿನ ಕಣ್ಣುಗಳಿಂದ. ಕಾಂಡಕ್ಕೇ ಪೆಟ್ಟು ಬಿದ್ದರೆ ಗಾಯದಲ್ಲಿ ಮಳೆನೀರು ನಿಂತು ಶಿಲೀಂಧ್ರ ಒಳಗಿಳಿಯುತ್ತದೆ. ನಿಮ್ಮ ಮರಗಳ ಪೊಳ್ಳಿನ ಮೂಲ ಬಹುಮಟ್ಟಿಗೆ ಅದೇ. ಬುಡದ ಪೊಳ್ಳಿಗೆ ಬೇಸಿಗೆಯ ಬೆಂಕಿಯೂ ಕಾರಣವಾಗುತ್ತದೆ, ಕಪ್ಪು ಕಲೆ ಇದೆಯೇ ನೋಡಿ. ಮೊದಲ ಏಟು ಕೊಂಬೆಯ ಅಡಿಯಿಂದ, ಎರಡನೆಯದು ಮೇಲಿನಿಂದ. ಹೀಗೆ ಮಾಡಿದರೆ ತೊಗಟೆ ಸಿಬಿರೆದ್ದು ಕೆಳಗಿನವರೆಗೆ ಹರಿಯುವುದಿಲ್ಲ. ಕಡಿದ ಮೈ ಓರೆಯಾಗಿದ್ದು ನೀರು ಇಳಿದುಹೋಗಬೇಕು.

ಕಾಲವೂ ಮುಖ್ಯ. ಮಳೆ ಬಿಟ್ಟು ಎಲೆ ಬಲಿತ ಮೇಲೆ ಕಡಿದರೆ ಮರಕ್ಕೆ ಪೆಟ್ಟು ಕಡಿಮೆ. ಹೊಸ ಚಿಗುರು ಹೊರಡುವ ಮಾರ್ಚ್–ಏಪ್ರಿಲ್‌ನಲ್ಲಿ ಸವರುವುದು ಎಲ್ಲಕ್ಕಿಂತ ಕೆಟ್ಟದ್ದು: ಕೂಡಿಟ್ಟದ್ದೆಲ್ಲ ಆಗಷ್ಟೇ ಖರ್ಚಾಗಿರುತ್ತದೆ.

ದರಕು (ಉದುರಿದ ಒಣ ಎಲೆ) ಗುಡಿಸುವಾಗ ಬೀಜವೂ ಹೋಗುತ್ತದೆ, ಕರಡ (ಬೆಟ್ಟದ ಹುಲ್ಲು) ಕೊಯ್ಯುವಾಗ ಗೇಣುದ್ದದ ಸಸಿಯೂ ಹೋಗುತ್ತದೆ. ಕೊಯ್ಲಿಗೆ ಮೊದಲು ಒಮ್ಮೆ ತಿರುಗಿ, ತಾನಾಗಿ ಹುಟ್ಟಿದ ಮತ್ತಿ, ಹೊನ್ನೆ, ಕವಲು ಸಸಿಗಳ ಪಕ್ಕ ಒಂದೊಂದು ಗೂಟ ಹುಗಿದಿಡಿ. ನರ್ಸರಿಯಿಂದ ಸಸಿ ತಂದು ನೆಡುವುದಕ್ಕಿಂತ ಇದು ಅಗ್ಗ, ಬದುಕುವ ಸಂಖ್ಯೆಯೂ ಜಾಸ್ತಿ. ಬೆಟ್ಟದ ಮೇಲೆ ನಿಮಗಿರುವುದು ಸೊಪ್ಪಿನ ಹಕ್ಕು ಮಾತ್ರ. ಒಣಗಿ ನಿಂತ ಮರವಾದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಬುಡಕ್ಕೆ ಕೊಡಲಿ ಹಾಕಬೇಡಿ.

ಪ್ರಶ್ನೆ: ಅಜ್ಜನ ಕಾಲದ ಕರಿ ಇಷಾಡ ಮಾವಿನ ಮರದ ತುಂಬ ಬಂದಳಿಕೆ (ಕೊಂಬೆಯಲ್ಲಿ ಬೇರೂರಿ ಬದುಕುವ ಪರಾವಲಂಬಿ ಗಿಡ). ಪ್ರತಿ ವರ್ಷ ಕಿತ್ತರೂ ಮತ್ತೆ ಬರುತ್ತದೆ. ಮರವನ್ನೇ ತೆಗೆದು ಹೊಸ ಕಸಿ ಗಿಡ ಹಾಕಲೇ?
— ಅಂಕೋಲಾ

ಉತ್ತರ: ಅಂಕೋಲೆಯ ಕರಿ ಇಷಾಡಿಗೆ 2023ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ. ಫಲ ಬಿಡುವ ಹಳೆಯ ಮರ ಇದ್ದರೆ ಕಸಿಕಡ್ಡಿಗಾದರೂ ಅದು ಬೇಕು, ತೆಗೆಯಬೇಡಿ.

ಕಿತ್ತರೆ ಮತ್ತೆ ಬರುತ್ತದೆ, ಏಕೆಂದರೆ ಬಂದಳಿಕೆಯ ಬೇರು ಕೊಂಬೆಯ ಒಳಗೇ ಓಡಿರುತ್ತದೆ. ಅದು ಅಂಟಿದ ಗಂಟಿನಿಂದ ಕಾಂಡದ ಕಡೆಗೆ ಒಂದರಿಂದ ಒಂದೂವರೆ ಅಡಿ ಬಿಟ್ಟು ಕೊಂಬೆಯನ್ನೇ ಗರಗಸದಿಂದ ತೆಗೆಯಬೇಕು. ಅಷ್ಟು ಹೊತ್ತಿಗೆ ಕವಲೊಡೆಯುವ ಜಾಗ ಹತ್ತಿರವಾದರೆ ಅಲ್ಲಿಯವರೆಗೂ ಹೋಗಿ. ಇಲ್ಲಿ ಬೆಟ್ಟದ ನಿಯಮ ತಿರುವುಮುರುವು: ಈ ಕೊಂಬೆ ಚಿಗುರುವುದು ಬೇಡ, ಹಾಗಾಗಿ ಮೋಟು ಬಿಡಬಾರದು. ಕೊಂಬೆ ಹುಟ್ಟುವಲ್ಲಿ ಬಳೆಯಂತೆ ಉಬ್ಬಿದ ಭಾಗ ಕಾಣುತ್ತದೆ. ಅದನ್ನು ಉಳಿಸಿ, ಅದರ ಹೊರಗೆ ಕೊಯ್ಯಿರಿ. ಗಾಯವನ್ನು ಮುಚ್ಚುವ ತೊಗಟೆ ಬೆಳೆಯುವುದು ಅಲ್ಲಿಂದ. ದಪ್ಪ ಕೊಂಬೆಯಾದರೆ ಮೊದಲು ಒಂದಡಿ ಆಚೆ, ಅಡಿಯಿಂದ ಮೂರನೇ ಒಂದು ಭಾಗ ಕೊಯ್ದು, ಇನ್ನೆರಡು ಬೆರಳು ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಉಳಿದ ಮೋಟನ್ನು ಕೊನೆಗೆ ತೆಗೆಯಿರಿ. ಹಗ್ಗ ಕಟ್ಟದೆ ಇಳಿಸಿದರೆ ಕೆಳಗಿನ ಕೊಂಬೆ ಮುರಿಯುತ್ತದೆ.

ಗಾಯಕ್ಕೆ ಬೋರ್ಡೋ ಮುಲಾಮು: 100 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣ ಇನ್ನರ್ಧ ಲೀಟರಿನಲ್ಲಿ, ಎರಡೂ ಪ್ಲಾಸ್ಟಿಕ್ ಪಾತ್ರೆಯಲ್ಲಿ. ತಣಿದ ಮೇಲೆ ತುತ್ತದ ನೀರನ್ನು ಸುಣ್ಣಕ್ಕೆ ಸುರಿಯುತ್ತ ಕಲಕಿ. ಕಬ್ಬಿಣದ ಚಾಕು ಅದ್ದಿದಾಗ ಕೆಂಪೇರಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಅದೇ ದಿನ ಮುಗಿಸಿ.

ಕಾಂಡಕ್ಕೇ ಅಂಟಿದ್ದನ್ನು ಕೊಯ್ಯಲು ಬರುವುದಿಲ್ಲ. ಅದನ್ನು ವರ್ಷಕ್ಕೊಮ್ಮೆ, ಬಂದಳಿಕೆ ಹಣ್ಣು ಕಟ್ಟುವ ಮೊದಲು ಒರೆಸಿದಂತೆ ಕೆತ್ತುತ್ತಿರಿ, ಎಲೆ ಇಲ್ಲದೆ ಸೊರಗುತ್ತದೆ. ಕಳೆನಾಶಕದ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ: ಬಂದಳಿಕೆ ಮತ್ತು ಮಾವಿನ ನೀರಿನ ದಾರಿ ಒಂದೇ. ಮಳೆ ಬಿಟ್ಟು ಹೂ ಹೊರಡುವ ಮೊದಲು, ಅಕ್ಟೋಬರ್–ನವೆಂಬರ್‌ನಲ್ಲಿ ಕೆಲಸ ಮಾಡಿ. ಒಂದೇ ವರ್ಷ ಮರದ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಪಕ್ಕದವರ ಮರದಲ್ಲೂ ಬಂದಳಿಕೆ ಇದ್ದರೆ ಅವರನ್ನೂ ಒಪ್ಪಿಸಿ, ಬೀಜ ತರುವ ಹಕ್ಕಿಗೆ ಬೇಲಿ ಗೊತ್ತಿಲ್ಲ.

ಪ್ರಶ್ನೆ: ಬೀಜದಿಂದ ಬೆಳೆಸಿದ 12 ಮುರುಗಲು (ಕೋಕಂ) ಗಿಡಗಳಿಗೆ ಎಂಟು ವರ್ಷ. ಏಳು ಗಿಡ ಹೂ ಬಿಟ್ಟರೂ ಒಂದು ಕಾಯಿ ಇಲ್ಲ.
— ಕುಮಟಾ

ಉತ್ತರ: ಅವು ಗಂಡು ಗಿಡಗಳು. ಮುರುಗಲಿನಲ್ಲಿ ಗಂಡು ಹೆಣ್ಣು ಬೇರೆ ಬೇರೆ, ಬೀಜದ ಸಸಿಗಳಲ್ಲಿ ಸುಮಾರು ಅರ್ಧ ಗಂಡೇ ಆಗುತ್ತವೆ, ಹೂ ಬರುವವರೆಗೆ ಗುರುತು ಸಿಗುವುದಿಲ್ಲ. ಗಂಡುಹೂ ಗೊಂಚಲಾಗಿ ಬರುತ್ತದೆ, ನಡುವೆ ಕೇಸರಗಳ ಮುದ್ದೆ. ಹೆಣ್ಣುಹೂವಿನ ನಡುವೆ ಪುಟ್ಟ ಗುಂಡುಕಾಯಿ ಮೊದಲೇ ಕಾಣುತ್ತದೆ.

ಒಂದು ಗಂಡನ್ನು ಪರಾಗಕ್ಕೆ ಉಳಿಸಿ. ಉಳಿದ ಗಂಡುಗಿಡಗಳನ್ನು ಮೊಣಕಾಲಿನಿಂದ ಸೊಂಟದೆತ್ತರಕ್ಕೆ ಕಡಿದು, ಬಂದ ಚಿಗುರಿನಲ್ಲಿ ಬಲವಾದ ಎರಡು ಮೂರಕ್ಕೆ ಒಳ್ಳೆಯ ಹೆಣ್ಣುಮರದ ಕಡ್ಡಿಯಿಂದ ಮೃದುಕಾಂಡ ಕಸಿ ಮಾಡಿಸಿ. ಕಡ್ಡಿ ನೆಟ್ಟಗೆ ಮೇಲಕ್ಕೆ ಬೆಳೆದ ಚಿಗುರಿನದ್ದಾಗಿರಲಿ. ಅಡ್ಡಕೊಂಬೆಯ ಕಡ್ಡಿ ಕಟ್ಟಿದರೆ ಗಿಡ ಅಡ್ಡಕ್ಕೇ ಹರಡಿ ನೆಲ ಹಿಡಿಯುತ್ತದೆ. ನರ್ಸರಿಯಲ್ಲಿ ಕಸಿ ಗಿಡ ಕೊಳ್ಳುವವರೂ ಇದನ್ನೇ ನೋಡಿ ಆರಿಸಬೇಕು.

ಪ್ರಶ್ನೆ: ಕಡಲ ಗಾಳಿ ತಡೆಯಲು ಹಾಕಿದ ಗಾಳಿಮರಗಳನ್ನು ಕಡಿದರೆ ಬುಡದಿಂದ ಚಿಗುರುತ್ತವೆಯೇ?
— ಕಾರವಾರ

ಉತ್ತರ: ನೆಚ್ಚಿಕೊಳ್ಳಬೇಡಿ, ಗಾಳಿಮರ ಬುಡದಿಂದ ಚಿಗುರುವುದು ಅಪರೂಪ. ಕಾರವಾರದ ಕಡೆಗೆ ಈ ಮರ ಬಂದದ್ದು 1868–69ರಲ್ಲಿ, ಅಂದಿನಿಂದಲೂ ಸಸಿ ನೆಟ್ಟೇ ಬೆಳೆಸುವುದು. ಮೊದಲ ಮಳೆಗೆ ಹಳೆಯ ಸಾಲಿನ ಒಳಬದಿಗೆ ಒಂದಡಿ ಎತ್ತರದ ಸಸಿ, 2 ಮೀಟರ್ ಅಂತರದಲ್ಲಿ ನೆಡಿ. ಗುಂಡಿಗೆ ಹಳೆಯ ಮರದ ಬುಡದ ಮಣ್ಣು ಒಂದೊಂದು ಬೊಗಸೆ ಹಾಕಿದರೆ ಬೇರಿಗೆ ಸಾರಜನಕದ ಗಂಟು ಬೇಗ ಕಟ್ಟುತ್ತದೆ. ಹೊಸ ಸಾಲು ಮೂರು ನಾಲ್ಕು ವರ್ಷ ಬೆಳೆದ ಮೇಲೆ ಹಳೆಯದನ್ನು ಕಡಿಯಿರಿ.

ಪ್ರಶ್ನೆ: ಕೊಡಲಿ ಕಾವು ಪದೇ ಪದೇ ಸಡಿಲವಾಗುತ್ತದೆ, ಮುರಿಯುತ್ತದೆ. ಯಾವ ಮರ ಒಳ್ಳೆಯದು?
— ಸಿದ್ದಾಪುರ

ಉತ್ತರ: ದಡಸಲು. ಬಳುಕುತ್ತದೆ, ಏಟನ್ನು ಕೈಗೆ ಬಿಡುವುದಿಲ್ಲ. ಗರಗಸದಲ್ಲಿ ಕೊಯ್ದ ಪಟ್ಟಿ ಬೇಡ, ನಾರಿನ ಜಾಡು ಹಿಡಿದು ಸೀಳಿದ ತುಂಡು ತೆಗೆದುಕೊಳ್ಳಿ. ನಾರು ಅಡ್ಡ ಹೋದಲ್ಲೇ ಕಾವು ಮುರಿಯುವುದು. ಹಸಿಯಲ್ಲಿ ಹಾಕಿದರೆ ಒಣಗಿ ಕುಗ್ಗಿ ಸಡಿಲವಾಗುತ್ತದೆ, ಆದ್ದರಿಂದ ನೆರಳಲ್ಲಿ ಕೆಲವು ತಿಂಗಳು ಒಣಗಿಸಿ. ಕೊಡಲಿಯ ಕಣ್ಣಿಗೆ (ಕಾವು ತೂರುವ ತೂತಿಗೆ) ಬಿಗಿಯಾಗಿ ಕೂತ ಮೇಲೆ ಒಣ ಗಟ್ಟಿಮರದ ಬೆಣೆ ಹೊಡೆಯಿರಿ. ಸಡಿಲವಾದ ಕೊಡಲಿಯನ್ನು ನೀರಿನಲ್ಲಿ ನೆನೆಸಿಡುವ ರೂಢಿ ಬಿಡಿ. ಉಬ್ಬಿದ ನಾರು ಕಣ್ಣಿನೊಳಗೆ ಜಜ್ಜಿಹೋಗಿ, ಒಣಗಿದಾಗ ಮೊದಲಿಗಿಂತ ಸಡಿಲವಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೊಡಲಿಯ ತಲೆ ಹಾರೀತು.